ತಗಡಿನ ಮನೆಯೂ ಹಸಿರು ಮನೆ ಆಗಬಹುದೇ?



ಏಪ್ರಿಲ್ ತಿಂಗಳ ಬೆಳಗಿನ ಶಾಲೆ. ಒಂಬತ್ತನೆಯ ತರಗತಿಯಲ್ಲಿ ಉಷ್ಣದ ಪಾಠ ನಡೆದಿತ್ತು. ಶಾಲೆಗೆ ಬರುವ ರಸ್ತೆಯಲ್ಲಿ ಹೊಸ ಫ್ಲ್ಯಾಟುಗಳ ದೊಡ್ಡ ಬೋರ್ಡೊಂದು ನಿಂತಿತ್ತು. ಅದರ ಮೇಲೆ ‘ಗ್ರೀನ್ ಹೋಮ್ಸ್’ ಎಂದು ಬರೆದಿದ್ದನ್ನು ಎಲ್ಲರೂ ನೋಡಿದ್ದರು. ಒಬ್ಬ ಹುಡುಗ ಕೇಳಿದ: “ಸರ್, ಹಸಿರು ಮನಿ ಅಂದ್ರ ಹಸಿರು ಬಣ್ಣ ಹಚ್ಚಿದ ಮನಿ ಏನ್ರಿ?” ಎಲ್ಲರೂ ನಕ್ಕರು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ನಗಲಿಲ್ಲ. “ನಮ್ಮ ಮನಿ ಪತ್ರಾಸಿಂದು ಅದರಿ ಸರ್. ಮಧ್ಯಾಹ್ನ ಒಳಗ ಕೂಡ್ಲಿಕ್ಕ ಆಗಂಗಿಲ್ರಿ. ನಮ್ಮವ್ವ ಅಲ್ಲೇ ಕೂತು ಬೀಡಿ ಕಟ್ತಾಳ. ಆ ಮನಿ ಹಸಿರು ಆಗ್ತದೇನ್ರಿ?”

ತರಗತಿ ಸುಮ್ಮನಾಯಿತು. ನಮ್ಮ ಸೊಲ್ಲಾಪುರದಲ್ಲಿ ಇಂಥ ಮನೆಗಳು ಒಂದೆರಡಲ್ಲ. ಈ ಸಲದ ಪಾಠ ಆ ಹುಡುಗಿಯ ಪ್ರಶ್ನೆಗೆ ಉತ್ತರ. ಹಸಿರು ಕಟ್ಟಡ ಎಂದರೆ ಬಣ್ಣವಲ್ಲ, ಲೆಕ್ಕ. ಮನೆಯೊಳಗೆ ಎಷ್ಟು ಬಿಸಿ ಬರುತ್ತದೆ, ಎಷ್ಟು ನೀರು ಹರಿದುಹೋಗುತ್ತದೆ, ಎಷ್ಟು ವಿದ್ಯುತ್ ಖರ್ಚಾಗುತ್ತದೆ, ಕಟ್ಟಲು ಎಂಥ ಸಾಮಾನು ಹಿಡಿಯುತ್ತದೆ ಎಂಬ ಲೆಕ್ಕ. ಮೊದಲು ಬಿಸಿಯಿಂದ ಶುರು ಮಾಡೋಣ.

ಬಿಸಿಲಿನ ಲೆಕ್ಕ

ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ ವ್ಯಾಟಿನದು. ಈಗ 5 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಖೋಲಿ ತೆಗೆದುಕೊಳ್ಳಿ. ಅದರ ಛಾವಣಿ 20 ಚದರ ಮೀಟರ್. ಅಂದರೆ ಮಧ್ಯಾಹ್ನ 12 ಗಂಟೆಗೆ ಆ ಛಾವಣಿಯ ಮೇಲೆ 20 ಇಸ್ತ್ರಿ ಪೆಟ್ಟಿಗೆ ಉರಿಯುತ್ತ ಕೂತಂತೆ!

ಗೋಡೆಗಿಂತ ಛಾವಣಿಯ ಮಾತೇ ಮೊದಲು ಯಾಕೆ? ಸೊಲ್ಲಾಪುರ ಸುಮಾರು 17.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೆಯ ವಾರದಲ್ಲಿ ನಡುಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಮುಗಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೆಚ್ಚಿನ ಬಿಸಿಲು ತಿನ್ನುವುದು ಛಾವಣಿ.

ಬಿದ್ದ ಶಕ್ತಿಗೆ ಮೂರು ದಾರಿ. ಒಂದು ಭಾಗ ಪ್ರತಿಫಲಿಸಿ ಹಿಂದೆ ಹೋಗುತ್ತದೆ. ಉಳಿದದ್ದನ್ನು ಛಾವಣಿ ಹೀರಿ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಸ್ವಲ್ಪ ಗಾಳಿಗೆ ಮತ್ತು ಆಕಾಶಕ್ಕೆ ಹೋಗುತ್ತದೆ, ಸ್ವಲ್ಪ ನಮ್ಮ ತಲೆಯ ಮೇಲೆ ಇಳಿಯುತ್ತದೆ.

ಮೂರು ಛಾವಣಿ, ಮೂರು ಸ್ವಭಾವ

ತಗಡು: ಹೊಸ ತಗಡು ಹೊಳೆಯುತ್ತದೆ, ಸಾಕಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಿದ್ದರೂ ಮುಟ್ಟಿದರೆ ಕೈ ಸುಡುತ್ತದೆ. ಕಾರಣವೇನೆಂದರೆ, ಹೊಳೆಯುವ ಲೋಹ ತಾನು ಹೀರಿದ ಬಿಸಿಯನ್ನು ವಿಕಿರಣದ ಮೂಲಕ ಬಿಟ್ಟುಕೊಡುವುದರಲ್ಲಿ ಬಹಳ ಜಿಪುಣ. ಧೂಳು, ತುಕ್ಕು ಹಿಡಿದ ಮೇಲೆ ಹೊಳಪೂ ಹೋಗಿ ಇನ್ನಷ್ಟು ಬಿಸಿಲು ಹೀರುತ್ತದೆ. ತಗಡು ತೆಳ್ಳಗಿರುವುದರಿಂದ ಬಿಸಿ ಕೆಲವೇ ನಿಮಿಷಗಳಲ್ಲಿ ಒಳಗೆ ಬರುತ್ತದೆ. ಒಂದು ಒಳ್ಳೆಯ ಗುಣವೂ ಉಂಟು: ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ.

ಸ್ಲ್ಯಾಬು: ಕಾಂಕ್ರೀಟ್ ಸ್ಲ್ಯಾಬು ದಪ್ಪ, ನಿಧಾನ. ಮೇಲಿನ ಬಿಸಿ ಕೆಳಗಿಳಿಯಲು ಎರಡು ಮೂರು ತಾಸು ಬೇಕು. ಹಗಲೆಲ್ಲ ಕೂಡಿಸಿಟ್ಟ ಬಿಸಿಯನ್ನು ಸಂಜೆ, ರಾತ್ರಿ ಬಿಡುತ್ತದೆ. ಫ್ಯಾನ್ ಹಾಕಿದರೂ ಬಿಸಿಗಾಳಿಯೇ ಬರುವುದು ಇದಕ್ಕೇ.

ಮಣ್ಣಿನ ಮಾಳಿಗೆ: ನಮ್ಮ ಅಜ್ಜಂದಿರ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ಒಂದಡಿಯಷ್ಟು ಸವಳು ಮಣ್ಣು. ಅಷ್ಟು ದಪ್ಪ ಮಣ್ಣಿನಲ್ಲಿ ಬಿಸಿ ಇಳಿಯಲು ಎಂಟು ಹತ್ತು ತಾಸು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿ, ಹೊರಗೆ ತಂಪು ಗಾಳಿ ಬೀಸುತ್ತಿರುತ್ತದೆ.

“ಹಂಗಾದ್ರ ಎಲ್ಲಾರೂ ಮಣ್ಣಿನ ಮಾಳಿಗಿ ಮನೀನೇ ಕಟ್ಟಬೇಕಲ್ಲರಿ?” ಎಂದು ನೀವು ಕೇಳಬಹುದು. ಅವಸರ ಬೇಡ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಭಾರವಾದ ಮಣ್ಣಿನ ಮಾಳಿಗೆ ಇದ್ದ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸಾವಿರಾರು ಜನ ಸತ್ತರು. ನಮ್ಮ ಭಾಗದ ಹಿರಿಯರಿಗೆ ಆ ದಿನ ಇನ್ನೂ ನೆನಪಿದೆ. ಹಳೆಯದೆಂದು ಎಲ್ಲವೂ ಒಳ್ಳೆಯದಾಗುವುದಿಲ್ಲ. ತಂಪಾಗಿಡುವ ಮನೆ ಸುರಕ್ಷಿತವೂ ಆಗಿರಬೇಕು. ಮಾಳಿಗೆಯ ಗುಣ ಬೇಕು, ಅದರ ಭಾರ ಬೇಡ. ಇದು ಸಾಧ್ಯವೇ?

ಬಿಳಿ ಬಣ್ಣದ ವಿಜ್ಞಾನ

ಸಾಧ್ಯ. ಹಳೆಯ ಬೂದು ಕಾಂಕ್ರೀಟು ಬಿಸಿಲಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ ಹಿಂದೆ ಕಳಿಸುತ್ತದೆ. ಹೊಸದಾಗಿ ಸುಣ್ಣ ಬಳಿದ ಬಿಳಿ ಮೇಲ್ಮೈ ಸುಮಾರು ಮುಕ್ಕಾಲು ಭಾಗವನ್ನು ಹಿಂದೆ ಕಳಿಸುತ್ತದೆ. ಜೊತೆಗೆ, ಹೀರಿದ ಸ್ವಲ್ಪ ಬಿಸಿಯನ್ನೂ ವಿಕಿರಣದಿಂದ ಬೇಗ ಬಿಟ್ಟುಕೊಡುತ್ತದೆ. ಈ ಎರಡೂ ಗುಣ ಇರುವ ಛಾವಣಿಗೆ ‘ತಂಪು ಛಾವಣಿ’ ಎನ್ನುತ್ತಾರೆ. ಇದರಿಂದ ಕೆಳಗಿನ ಖೋಲಿಯ ಉಷ್ಣತೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಭಾರವೂ ಹೆಚ್ಚಾಗುವುದಿಲ್ಲ.

ಸುಣ್ಣದ ರಸಾಯನ ನಿಮ್ಮ ಪಠ್ಯದಲ್ಲೇ ಇದೆ. ಸುಣ್ಣದ ಕಲ್ಲು ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಳಿದ ಮೇಲೆ ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಎರಡು ಮೂರು ದಿನಗಳಲ್ಲಿ ಗೋಡೆ ಬೆಳ್ಳಗೆ ಹೊಳೆಯುವುದು ಇದರಿಂದಲೇ.

ಎರಡು ಮಾತು ನೆನಪಿಡಿ. ಸುಣ್ಣ ಸ್ಲ್ಯಾಬಿಗೆ ಚೆನ್ನಾಗಿ ಹಿಡಿಯುತ್ತದೆ, ತಗಡಿನ ಮೇಲೆ ಉದುರುತ್ತದೆ. ತಗಡಿಗೆ ಹೊರಗೆ ಹಚ್ಚುವ ಬಿಳಿ ಬಣ್ಣವೇ ಸರಿ. ಮಳೆ, ಧೂಳಿನಿಂದ ಬಿಳುಪು ಮಾಸುತ್ತದೆ, ಆದ್ದರಿಂದ ಸುಣ್ಣವನ್ನು ಪ್ರತಿ ವರ್ಷ ಬೇಸಿಗೆಗೆ ಮೊದಲು ಬಳಿಯಬೇಕು.

ಮಾಡಿ ನೋಡಿ

ಬೇಕಾಗುವುದು: ಒಂದೇ ಅಳತೆಯ ಮೂರು ರಟ್ಟಿನ ಡಬ್ಬಿ, ಮೂರು ತಗಡಿನ ತುಂಡು, ಬಿಳಿ ಬಣ್ಣ, ಒಣ ಮಣ್ಣು, ಪ್ರಯೋಗಾಲಯದ ಮೂರು ಥರ್ಮಾಮೀಟರ್.

1. ಮೂರೂ ಡಬ್ಬಿಗೆ ತಗಡು ಮುಚ್ಚಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಬಿಳಿ ಬಣ್ಣ ಹಚ್ಚಿ. ಮೂರನೆಯದರ ಮೇಲೆ 5 ಸೆಂ.ಮೀ. ಒಣ ಮಣ್ಣು ಹರಡಿ.
2. ಪಕ್ಕದಲ್ಲಿ ಸಣ್ಣ ತೂತು ಮಾಡಿ ಥರ್ಮಾಮೀಟರ್ ತೂರಿಸಿ. ಅದರ ಬುಡ ತಗಡಿಗೆ ತಾಕಬಾರದು.
3. ಮೂರನ್ನೂ ಒಂದೇ ಬಿಸಿಲಿನಲ್ಲಿಡಿ. ಬೆಳಗಿನ 9 ಗಂಟೆಯಿಂದ ಸಂಜೆ 5ರವರೆಗೆ ಅರ್ಧ ತಾಸಿಗೊಮ್ಮೆ ಉಷ್ಣತೆ ಬರೆದುಕೊಳ್ಳಿ. ಬರೆಯುವಷ್ಟು ಹೊತ್ತು ಮಾತ್ರ ಬಿಸಿಲಿಗೆ ಬನ್ನಿ.
4. ಒಂದೇ ಆಲೇಖದಲ್ಲಿ ಮೂರು ಗೆರೆ ಎಳೆಯಿರಿ. ಯಾವುದು ಎಲ್ಲಕ್ಕಿಂತ ಎತ್ತರ? ಯಾವುದರ ಶಿಖರ ಎಲ್ಲಕ್ಕಿಂತ ತಡವಾಗಿ ಬಂತು?

ಡಬ್ಬಿ, ಜಾಗ, ಹೊತ್ತು ಎಲ್ಲ ಒಂದೇ ಆಗಿ, ಛಾವಣಿ ಮಾತ್ರ ಬೇರೆ ಇರಬೇಕು. ಆಗ ಮಾತ್ರ ‘ಈ ವ್ಯತ್ಯಾಸ ಛಾವಣಿಯಿಂದಲೇ’ ಎಂದು ಹೇಳಬಹುದು. ಎಚ್ಚರಿಕೆ: ಮನೆಯ ತಗಡಿನ ಮೇಲೆ ಯಾರೂ ಹತ್ತಬೇಡಿ, ಅದು ಭಾರ ತಡೆಯುವುದಿಲ್ಲ. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಆ ಕೆಲಸ ದೊಡ್ಡವರದು.

ಮನೆಯಿಂದ ಊರಿಗೆ

ಒಂದು ಮನೆ ತಂಪಾದರೆ ಸಾಲದು. ಮರ ಕಡಿದು, ಮಣ್ಣು ಮುಚ್ಚಿ, ಡಾಂಬರು ಮತ್ತು ಕಾಂಕ್ರೀಟು ಹಾಸಿದ ನಗರ ಹಗಲು ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ಸುತ್ತಲಿನ ಹಳ್ಳಿಗಿಂತ ನಗರ ಬಿಸಿಯಾಗಿರುವ ಇದಕ್ಕೆ ‘ನಗರ ಉಷ್ಣದ್ವೀಪ’ ಎಂದು ಹೆಸರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಮುಟ್ಟಿ ಬಹಳ ಜನ ಪ್ರಾಣ ಕಳೆದುಕೊಂಡರು. ಆ ಪೆಟ್ಟಿನಿಂದ ಪಾಠ ಕಲಿತು ಆ ನಗರ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವುದೂ ಅದರಲ್ಲಿ ಸೇರಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿ ತಂದಿತು. ಅದರ ಪ್ರಕಾರ ಸರ್ಕಾರಿ ಕಟ್ಟಡ, ವಾಣಿಜ್ಯ ಕಟ್ಟಡ ಮತ್ತು 600 ಚದರ ಗಜ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ತಂಪು ಛಾವಣಿ ಕಡ್ಡಾಯ.

ಅದೇ ತೆಲಂಗಾಣದ ಹೈದರಾಬಾದಿನಲ್ಲಿ 2004ರ ಜುಲೈನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ ಸೊರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ ಭಾರತದ ಮೊದಲ ಹೆಸರಾಂತ ಹಸಿರು ಕಟ್ಟಡಗಳಲ್ಲಿ ಒಂದು. ಅದರಲ್ಲಿ ಏನಿದೆ ನೋಡಿ: ನಡುವೆ ಅಂಗಳ, ಜಾಳಿಗೆ ಗೋಡೆ, ಛಾವಣಿಯ ಮೇಲೆ ಮಣ್ಣು ಮತ್ತು ಹುಲ್ಲು, ಗಾಳಿ ತಂಪಾಗಿಸುವ ಗೋಪುರ, ಬಳಸಿದ ನೀರನ್ನು ಗಿಡಗಳ ಬೇರಿನಿಂದ ಶುದ್ಧ ಮಾಡುವ ತೊಟ್ಟಿ. ಅಂಗಳ, ಜಾಳಿಗೆ, ಮಣ್ಣಿನ ಛಾವಣಿ ನಮ್ಮ ಹಳೆಯ ವಾಡೆಗಳಲ್ಲಿ ಇದ್ದವೇ ಅಲ್ಲವೇ? ಭಾರ ಹೊರುವ ಚೌಕಟ್ಟನ್ನು ಮಾತ್ರ ಇಂದಿನ ಎಂಜಿನಿಯರ್ ಲೆಕ್ಕ ಹಾಕಿ ಕಟ್ಟಿದ್ದಾರೆ.

ಇನ್ನು ನೀರು. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ವಚನಕಾರ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ಇಂದಿಗೂ ಗುಡಿಯ ಸುತ್ತ ನೀರಿದೆ. ಇಂದು ನಗರ ನೀರಿಗಾಗಿ ಸುಮಾರು ನೂರು ಕಿಲೋಮೀಟರ್ ಆಚೆಯ ಉಜನಿ ಅಣೆಕಟ್ಟಿನತ್ತ ನೋಡುತ್ತದೆ. ಅಷ್ಟು ದೂರದಿಂದ ನೀರು ತರಲು ಪಂಪಿಗೆ ವಿದ್ಯುತ್ ಬೇಕು. ನಮ್ಮ ತಲೆಯ ಮೇಲೆ ಬಿದ್ದ ಮಳೆ ಮಾತ್ರ ಗಟಾರ ಸೇರುತ್ತದೆ. 50 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 25,000 ಲೀಟರ್. ಐದನೆಯ ಒಂದು ಭಾಗ ಪೋಲಾದರೂ 20,000 ಲೀಟರ್ ಉಳಿಯಿತು. ದಿನಕ್ಕೆ ತಲಾ 50 ಲೀಟರ್ ಬಳಸುವ ನಾಲ್ವರ ಮನೆಗೆ ಇದು 100 ದಿನದ ನೀರು.

ಬೋರ್ಡು ಓದುವ ಬಗೆ

2024ರ ಜನವರಿಯಲ್ಲಿ ಸೊಲ್ಲಾಪುರದ ಹತ್ತಿರ ಕುಂಭಾರಿಯ ರೇ ನಗರದಲ್ಲಿ ದುಡಿಯುವ ಜನರಿಗೆ 15,000 ಮನೆ ಹಸ್ತಾಂತರವಾದವು. ಇನ್ನು ಮುಂದೆಯೂ ಊರು ಹೀಗೆ ಬೆಳೆಯುತ್ತದೆ. ಒಂದೇ ನಕ್ಷೆಯಿಂದ ಸಾವಿರಾರು ಮನೆ ಏಳುವಾಗ, ನಕ್ಷೆಯ ಒಂದು ಗೆರೆ ಸಾವಿರಾರು ಕುಟುಂಬಗಳ ಮಧ್ಯಾಹ್ನವನ್ನು ತೀರ್ಮಾನಿಸುತ್ತದೆ. ಆದ್ದರಿಂದ ‘ಗ್ರೀನ್’ ಎಂಬ ಬೋರ್ಡು ಕಂಡರೆ ಕೇಳಿ: ಛಾವಣಿ ತಂಪು ಮಾಡಲು ಏನು ಮಾಡಿದ್ದೀರಿ? ಉದ್ದನೆಯ ಗೋಡೆ ಉತ್ತರ, ದಕ್ಷಿಣಕ್ಕೆ ಇದೆಯೇ, ಕಿಟಕಿಗೆ ಸಜ್ಜಾ ಇದೆಯೇ? ಮಳೆನೀರು ಎಲ್ಲಿ ಹೋಗುತ್ತದೆ? ಇದ್ದ ಮರ ಎಷ್ಟು ಉಳಿಸಿದಿರಿ? ‘ಗೃಹ’ದಂಥ ಶ್ರೇಯಾಂಕ ಇದ್ದರೆ ಎಷ್ಟು ನಕ್ಷತ್ರ? ಉತ್ತರದಲ್ಲಿ ಅಂಕಿ ಇಲ್ಲದಿದ್ದರೆ ಆ ಹಸಿರು ಬೋರ್ಡಿನ ಬಣ್ಣ ಅಷ್ಟೇ.

ಈಗ ಆ ಹುಡುಗಿಯ ಪ್ರಶ್ನೆ. ಹೌದು ತಂಗೀ, ನಿಮ್ಮ ಮನೆಯೂ ಹಸಿರು ದಾರಿಗೆ ಬರುತ್ತದೆ. ತಗಡಿಗೆ ಬಿಳಿ ಬಣ್ಣ. ತಗಡಿನ ಕೆಳಗೆ ಒಂದು ಗೇಣು ಗಾಳಿಜಾಗ ಬಿಟ್ಟು ಬಿದಿರಿನ ತಟ್ಟಿ. ಒಲೆ, ವೈರುಗಳಿಂದ ದೂರವಿರಲಿ. ಬಿಸಿಗಾಳಿ ಹೊರಗೆ ಹೋಗಲು ಮೇಲೊಂದು ಕಿಂಡಿ. ಪಶ್ಚಿಮಕ್ಕೆ ಒಂದು ಬೇವಿನ ಗಿಡ, ಅದು ಬೆಳೆಯುವವರೆಗೆ ಚಪ್ಪರಕ್ಕೆ ಹೀರೆಬಳ್ಳಿ. ಇಷ್ಟಾದರೆ ಅದು ಅರಮನೆ ಆಗುವುದಿಲ್ಲ. ಆದರೆ ಅವ್ವ ಮಧ್ಯಾಹ್ನ ಒಳಗೆ ಕೂತು ಕೆಲಸ ಮಾಡುವಂತಾಗುತ್ತದೆ. ಹಸಿರು ಕಟ್ಟಡದ ಮೊದಲ ಪರೀಕ್ಷೆ ಅದೇ.

ಅಭ್ಯಾಸ

1. ನಿಮ್ಮ ಮನೆಯ ಛಾವಣಿ ಎಷ್ಟು ಚದರ ಮೀಟರ್? ಅದರ ಮೇಲೆ ಎಷ್ಟು ‘ಇಸ್ತ್ರಿ ಪೆಟ್ಟಿಗೆ’ ಬಿಸಿಲು ಬೀಳುತ್ತದೆ?
2. 500 ಮಿ.ಮೀ. ಮಳೆಗೆ ನಿಮ್ಮ ಶಾಲೆಯ ಛಾವಣಿಯಿಂದ ಎಷ್ಟು ಲೀಟರ್ ನೀರು ಸಿಗಬಹುದು?
3. ಹೊಳೆಯುವ ತಗಡಿಗಿಂತ ಬಿಳಿ ಬಣ್ಣದ ತಗಡು ತಂಪಾಗಿರಲು ಕಾರಣ ಬರೆಯಿರಿ.
4. ನಿಮ್ಮ ಅಜ್ಜಿಯನ್ನು ಕೇಳಿ: ಅವರ ಹಳೆಯ ಮನೆಯ ಛಾವಣಿ ಯಾವುದಾಗಿತ್ತು? ಅದರ ಒಂದು ಗುಣ, ಒಂದು ದೋಷ ಬರೆದು ತನ್ನಿ.