‘ಕೊಟ್ಟರು’ ಮತ್ತು ‘ಕೊಡುತ್ತಿದ್ದರು’

ಈ ಎರಡು ವಾಕ್ಯಗಳನ್ನು ನೋಡಿ.

1. ಬಾಡಿಗೆದಾರರು 500 ರೂಪಾಯಿ ಕೊಟ್ಟರು.
2. ಬಾಡಿಗೆದಾರರು 500 ರೂಪಾಯಿ ಕೊಡುತ್ತಿದ್ದರು.

ಎರಡೂ ಭೂತಕಾಲವೇ. ಆದರೆ ಲೆಕ್ಕ ಬೇರೆ. ಮೊದಲನೆಯದು ನಗದು ಪುಸ್ತಕದಲ್ಲಿ ಒಂದೇ ಸಾಲು. ಎರಡನೆಯದು ರೂಢಿ. ಎಷ್ಟು ತಿಂಗಳು ಕೊಟ್ಟರು, ಯಾವಾಗ ನಿಲ್ಲಿಸಿದರು ಎಂದು ಕೇಳದೆ ಬರೆಯಲಾಗದು. ಸಾಕ್ಷಿ ಹೇಳುವಾಗ ಒಂದರ ಬದಲು ಇನ್ನೊಂದು ಹೇಳಿದರೆ ಹಣದ ಮೊತ್ತವೇ ಬದಲಾಗುತ್ತದೆ.

ಇತಿಹಾಸದಲ್ಲೂ ಹೀಗೆಯೇ. ‘1687ರಲ್ಲಿ ಮೊಗಲರು ಶಿರಾವನ್ನು ವಶಪಡಿಸಿಕೊಂಡರು.’ ಇದು ಮುಗಿದ ಘಟನೆ. ‘ಮೊಗಲ್ ಸುಬೇದಾರರು ಶಿರಾದಿಂದ ಆಡಳಿತ ನಡೆಸುತ್ತಿದ್ದರು.’ ಇದು ಬಹುಕಾಲ ಸಾಗಿದ ಸ್ಥಿತಿ.

ಕಷ್ಟ ಎಲ್ಲಿ?

ಕನ್ನಡದ ‘ಹೋಗುತ್ತಿದ್ದೆ’ ಎರಡು ಕೆಲಸ ಮಾಡುತ್ತದೆ. ‘ದಿನಾ ಹೋಗುತ್ತಿದ್ದೆ’ ಎಂದರೆ ರೂಢಿ. ‘ಹೋಗುತ್ತಿದ್ದೆ, ಆಗ ಮಳೆ ಬಂತು’ ಎಂದರೆ ನಡೆಯುತ್ತಿದ್ದ ಕೆಲಸ. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ: ರೂಢಿಗೆ ‘ಯೂಸ್ಡ್ ಟು ಗೋ’, ನಡೆಯುತ್ತಿದ್ದ ಕೆಲಸಕ್ಕೆ ‘ವಾಸ್ ಗೋಯಿಂಗ್’. ಆದ್ದರಿಂದ ‘ಪಾವಗಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ’ ಎಂಬುದಕ್ಕೆ ‘ವಾಸ್ ಕಮಿಂಗ್ ಡೈಲಿ’ ಎಂದು ಬರೆದರೆ ಅಂಕ ಹೋಗಬಹುದು.

ಮನೆಮಾತಿನ ಸಹಾಯ

ಉರ್ದು ಮಾತಾಡುವವರಿಗೆ ಒಂದು ಉಪಾಯವಿದೆ. ಮನೆಯಲ್ಲಿ ‘ಜಾತಾ ಥಾ’ ಎನ್ನುವ ಕಡೆ ‘ಯೂಸ್ಡ್ ಟು’ ಹಾಕಿ. ‘ಜಾ ರಹಾ ಥಾ’, ನಮ್ಮ ದಖನಿಯಲ್ಲಿ ‘ಜಾರಾ ಥಾ’, ಎನ್ನುವ ಕಡೆ ‘ವಾಸ್ ಗೋಯಿಂಗ್’ ಹಾಕಿ. ಕನ್ನಡ ಮನೆಮಾತಿನವರು ವಾಕ್ಯಕ್ಕೆ ‘ಆಗೆಲ್ಲ’ ಸೇರಿಸಿ ನೋಡಿ. ಅರ್ಥ ಕೂಡಿದರೆ ಅದು ರೂಢಿ.

ಸ್ಪ್ಯಾನಿಷ್ ಭಾಷೆ ಈ ವಿಷಯದಲ್ಲಿ ಕನ್ನಡಕ್ಕೆ ಹತ್ತಿರ. ಅಲ್ಲಿ ‘ಆಬ್ಲಾಬಾ’ ಎಂಬ ಒಂದೇ ರೂಪಕ್ಕೆ ‘ಮಾತಾಡುತ್ತಿದ್ದೆ’ ಎಂಬ ಎರಡೂ ಅರ್ಥಗಳಿವೆ. ಮುಗಿದ ಮಾತಿಗೆ ‘ಆಬ್ಲೆ’ ಎನ್ನುತ್ತಾರೆ. ಈ ಅಪೂರ್ಣ ಭೂತಕಾಲದಲ್ಲಿ ನಿಯಮ ತಪ್ಪುವ ಕ್ರಿಯಾಪದಗಳು ಮೂರೇ: ಇರು, ಹೋಗು, ನೋಡು.

ಅಭ್ಯಾಸ

ಇವು ಮುಗಿದ ಕೆಲಸವೇ, ರೂಢಿಯೇ, ನಡೆಯುತ್ತಿದ್ದ ಕೆಲಸವೇ? ಗುರುತಿಸಿ ಇಂಗ್ಲಿಷಿಗೆ ತಿರುಗಿಸಿ.

1. ನಾವು ಮಧುಗಿರಿ ಬೆಟ್ಟ ಹತ್ತಿದೆವು.
2. ಬೆಟ್ಟ ಹತ್ತುತ್ತಿದ್ದಾಗ ಫೋನ್ ಬಂತು.
3. ದಾದಿ ಪ್ರತಿ ವಾರ ಕೊರಟಗೆರೆ ಸಂತೆಗೆ ಹೋಗುತ್ತಿದ್ದರು.

ಉತ್ತರ: ಮುಗಿದದ್ದು, ‘ಹತ್ತುತ್ತಿದ್ದಾಗ’ ನಡೆಯುತ್ತಿದ್ದದ್ದು, ‘ಬಂತು’ ಮುಗಿದದ್ದು, ರೂಢಿ.