ಕರುಳಿಗೂ ಹೊತ್ತು ಗೊತ್ತು: ಸಕ್ಕರೆಯ ಹತೋಟಿಗೆ ನಾಲ್ಕು ಹೆಜ್ಜೆ

ಸಕ್ಕರೆಯ ಮಾತು ಬಂದಾಗಲೆಲ್ಲ ‘ಎಷ್ಟು ತಿನ್ನಬಹುದು’ ಎಂದು ಕೇಳುತ್ತೇವೆ. ‘ಯಾವ ಹೊತ್ತಿನಲ್ಲಿ, ಯಾವ ವಯಸ್ಸಿನಲ್ಲಿ’ ಎಂದೂ ಕೇಳಬೇಕು. ಅನ್ನವಾಗಲಿ ಮುದ್ದೆಯಾಗಲಿ, ಅದರ ಪಿಷ್ಟ ಕೊನೆಗೆ ಗ್ಲೂಕೋಸ್ ಆಗಿ ಸಣ್ಣ ಕರುಳಿನ ಒಳಗೋಡೆಗೆ ಬಂದು ನಿಲ್ಲುತ್ತದೆ. ಆ ಗೋಡೆಯ ತುಂಬ ಮಖಮಲ್ಲಿನ ಜುಂಗಿನಂತೆ ಸೂಕ್ಷ್ಮ ಎಳೆಗಳು ಎದ್ದು ನಿಂತಿವೆ. ಅವುಗಳ ಜೀವಕೋಶಗಳಲ್ಲಿ ಎಸ್‌ಜಿಎಲ್‌ಟಿ-1 ಎಂಬ ಸಾಗಣೆ ಪ್ರೋಟೀನ್ ಬಾಗಿಲು ಕಾಯುತ್ತಿರುತ್ತದೆ. ಒಂದು ಗ್ಲೂಕೋಸ್ ಅಣುವನ್ನು ಒಳಗೆ ಬಿಡಲು ಜೊತೆಗೆ ಎರಡು ಸೋಡಿಯಂ ಅಯಾನುಗಳು ಬೇಕು. ಭೇದಿಯಾದಾಗ ಕುಡಿಸುವ ಓಆರ್‌ಎಸ್‌ನಲ್ಲಿ ಸಕ್ಕರೆಯ ಜೊತೆ ಉಪ್ಪೂ ಇರುವುದು ಇದಕ್ಕೇ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ಗೆ ಬಾಗಿಲು ಬೇರೆ, ಅದರ ಹೆಸರು ಗ್ಲುಟ್-5.

ಈ ಬಾಗಿಲುಗಳು ದಿನವಿಡೀ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಇಲಿಗಳ ಕರುಳಿನಲ್ಲಿ ಅವು ಹೆಚ್ಚುವುದು ತಿಂದ ಮೇಲಲ್ಲ, ತಿನ್ನುವ ಹೊತ್ತು ಸಮೀಪಿಸಿದಾಗ. ರಾತ್ರಿ ಮೇಯುವ ಇಲಿಗೆ ಕೆಲವು ದಿನ ಹಗಲಲ್ಲಷ್ಟೇ ಆಹಾರ ಕೊಟ್ಟರೆ, ಕರುಳು ತನ್ನ ಸಿದ್ಧತೆಯನ್ನೇ ಹಗಲಿಗೆ ಬದಲಿಸಿಕೊಳ್ಳುತ್ತದೆ. ಅಂದರೆ ಕರುಳು ನಮ್ಮ ಅಭ್ಯಾಸವನ್ನು ಕಲಿಯುತ್ತದೆ.

‘ಇಲಿಯ ಮಾತು ಮನುಷ್ಯನಿಗೆ ಹೊಂದುತ್ತದೆಯೇ’ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಮನುಷ್ಯರಲ್ಲೂ ಅಷ್ಟೇ ಪ್ರಮಾಣದ ಗ್ಲೂಕೋಸ್ ಬೆಳಗ್ಗೆಗಿಂತ ಸಂಜೆ ರಕ್ತದಲ್ಲಿ ಹೆಚ್ಚು ಏರುತ್ತದೆ. ಇದಕ್ಕೆ ಮುಖ್ಯ ಕಾರಣ ಇನ್ಸುಲಿನ್‌ನ ದಿನಚರಿ. ಬೋಸ್ಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ವಯಂಸೇವಕರನ್ನು ರಾತ್ರಿ ಪಾಳಿಯಂತೆ ಎಚ್ಚರವಿರಿಸಲಾಯಿತು. ರಾತ್ರಿಯೂ ಉಂಡವರಲ್ಲಿ ಗ್ಲೂಕೋಸ್ ಏರಿತು, ಹಗಲಲ್ಲಷ್ಟೇ ಉಂಡವರಲ್ಲಿ ಆ ಏರಿಕೆ ಕಾಣಲಿಲ್ಲ. ಕರುಳಿನ ಸಾಕ್ಷ್ಯವೂ ಇನ್ಸುಲಿನ್‌ನ ಸಾಕ್ಷ್ಯವೂ ಹೇಳುವುದು ಒಂದನ್ನೇ: ಉಣ್ಣುವ ಹೊತ್ತಿಗೆ ಬೆಲೆಯಿದೆ.

ಹೆಜ್ಜೆ 1: ಹೊತ್ತು ಗೊತ್ತುಮಾಡಿ

ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯೂಟ ಮೂರಕ್ಕೂ ನಿಮ್ಮ ಕೆಲಸಕ್ಕೆ ಹೊಂದುವ ವೇಳೆ ಗೊತ್ತುಮಾಡಿ, ಭಾನುವಾರವೂ ಅದನ್ನೇ ಪಾಲಿಸಿ. ಕರುಳಿನ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸದಾಗುತ್ತವೆ. ಹಾಗಾಗಿ ಎರಡು ದಿನಕ್ಕೇ ಕೈಬಿಡದೆ ಕೆಲವು ವಾರ ಬಿಡದೆ ನಡೆಸಿ.

ಹೆಜ್ಜೆ 2: ದೊಡ್ಡ ಊಟವನ್ನು ಹಗಲಿಗೆ ತನ್ನಿ

ಅನ್ನ, ಮುದ್ದೆ, ಸಿಹಿ ಇವುಗಳ ಹೆಚ್ಚಿನ ಪಾಲು ಮಧ್ಯಾಹ್ನದೊಳಗೆ ಮುಗಿಯಲಿ. ರಾತ್ರಿಯೂಟ ಹಗುರಾಗಿರಲಿ, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಆಗಲಿ. ಪಾಳಿಯಲ್ಲಿ ದುಡಿಯುವವರಿಗೆ ಇದು ಸುಲಭವಲ್ಲ, ಅದು ಅವರ ತಪ್ಪೂ ಅಲ್ಲ. ಅವರು ಮುಖ್ಯ ಊಟವನ್ನು ಕೆಲಸಕ್ಕೆ ಹೊರಡುವ ಮುಂಚೆ ಮುಗಿಸಿ, ನಡುರಾತ್ರಿ ಸಿಹಿ ಚಹಾ, ಬಿಸ್ಕತ್ತಿನ ಬದಲು ಮಜ್ಜಿಗೆ, ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡರೂ ಲಾಭವಿದೆ.

ಹೆಜ್ಜೆ 3: ತಟ್ಟೆಯಲ್ಲಿ ಕೋಸಂಬರಿ ಮೊದಲು

ತರಕಾರಿ, ಕಾಳು ಮೊದಲು ಹೊಟ್ಟೆ ಸೇರಿ ಅನ್ನ ಆಮೇಲೆ ಬಂದರೆ, ಗ್ಲೂಕೋಸ್ ಕರುಳಿನ ಬಾಗಿಲಿಗೆ ಒಮ್ಮೆಲೇ ನುಗ್ಗದೆ ನಿಧಾನವಾಗಿ ಬರುತ್ತದೆ. ಬಾಳೆಲೆಯಲ್ಲಿ ಕೋಸಂಬರಿ, ಪಲ್ಯಗಳನ್ನು ಅನ್ನಕ್ಕಿಂತ ಮೊದಲು ಬಡಿಸುವ ರೂಢಿ ನಮಗಿದ್ದೇ ಇದೆ. ಬಡಿಸಿದ ಕ್ರಮದಲ್ಲೇ ತಿಂದರಾಯಿತು.

ಹೆಜ್ಜೆ 4: ಮಗುವಿನ ಕರುಳಿನ ವಯಸ್ಸು ನೋಡಿ

ತಿಂಗಳು ತುಂಬಿ ಹುಟ್ಟಿದ ಕೂಸಿನ ಕರುಳು ಎದೆಹಾಲಿಗೆ ಸಜ್ಜಾಗಿಯೇ ಬರುತ್ತದೆ: ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಅದರಲ್ಲಿ ಧಾರಾಳವಾಗಿರುತ್ತದೆ. ಫ್ರಕ್ಟೋಸ್ ಹೀರುವ ಶಕ್ತಿ ಮಾತ್ರ ವಯಸ್ಸಿನೊಂದಿಗೆ ಬೆಳೆಯುವಂಥದ್ದು. ಹೀರಲಾಗದ ಫ್ರಕ್ಟೋಸ್ ದೊಡ್ಡ ಕರುಳಿಗಿಳಿದು ಹುದುಗಿ ಹೊಟ್ಟೆಯುಬ್ಬರ, ಭೇದಿ ತರುತ್ತದೆ. ಆದ್ದರಿಂದ ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ಎರಡು ವರ್ಷದವರೆಗೆ ಜ್ಯೂಸ್ ಬೇಡ, ಕಿವುಚಿದ ಹಣ್ಣು ಕೊಡಿ. ಕೂಸಿಗೆ ಜೇನು ನೆಕ್ಕಿಸುವ ರೂಢಿಯನ್ನೂ ಬಿಡಬೇಕು: ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ದೊಡ್ಡವರಾದಂತೆ ನಮ್ಮಲ್ಲಿ ಅನೇಕರ ಲ್ಯಾಕ್ಟೇಸ್ ಇಳಿಯುತ್ತದೆ. ಹಾಲು ಒಗ್ಗದವರಿಗೆ ಮೊಸರು ಒಗ್ಗುವುದು, ಅದರಲ್ಲಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಒಂದಷ್ಟು ಮೊದಲೇ ಒಡೆದಿರುವುದರಿಂದ.

‘ಹೊತ್ತು ನೋಡಿದರೆ ಪ್ರಮಾಣ ನೋಡಬೇಕಿಲ್ಲವೇ’ ಎಂದು ಕೇಳಬಹುದು. ಖಂಡಿತ ನೋಡಬೇಕು. ಸಕ್ಕರೆ ಹೆಚ್ಚು ತಿಂದಷ್ಟೂ ಕರುಳು ಅದಕ್ಕೆ ಹೆಚ್ಚು ಬಾಗಿಲು ತೆರೆಯುತ್ತದೆ. ಬೆಳಗ್ಗೆ ತಿಂದರೂ ಸಕ್ಕರೆ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿಕೊಟ್ಟ ಮಿತಿಯಂತೆ, ಸೇರಿಸಿದ ಸಕ್ಕರೆ, ಜೇನು, ಜ್ಯೂಸ್‌ಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ನ್ನು ದಾಟಬಾರದು. ಹೊತ್ತಿನ ಶಿಸ್ತು ಈ ಮಿತಿಗೆ ಬೆಂಬಲವಾಗಿ ಇರಬೇಕೇ ಹೊರತು ಅದನ್ನು ಮೀರಲು ನೆಪವಾಗಬಾರದು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟದ ವೇಳೆ ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಊಟ ಮುಂದೆ ಹೋಗಿ ಔಷಧ ಹಳೆಯ ಹೊತ್ತಿಗೇ ಉಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಳಿದವರು ಇಂದೇ ಶುರುಮಾಡಬಹುದು: ಇವತ್ತಿನ ರಾತ್ರಿಯೂಟ ಅರ್ಧ ಗಂಟೆ ಮುಂಚೆ ಆಗಲಿ, ನಾಳೆಯೂ ಅದೇ ಹೊತ್ತಿಗೆ ಕೂರಿ.