ರಾಸುಗಳ ಶ್ವಾಸಕೋಶದ ಬೇನೆಯೂ ರಕ್ತಪರೀಕ್ಷೆಯೂ

ಜಡಿಮಳೆ ಹಿಡಿದ ದಿನಗಳಲ್ಲಿ ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯಂಥ ಕಡೆಗಳಲ್ಲಿ ರೈತರು ಚಳಿಗೆ ಅಂಜಿ ಕೊಟ್ಟಿಗೆಯ ಕಿಂಡಿಗಳನ್ನು ಮುಚ್ಚುವುದೂ, ಸೊಳ್ಳೆಯ ಕಾಟಕ್ಕಾಗಿ ಹೊಗೆ ಹಾಕುವುದೂ ವಾಡಿಕೆ. ಗಂಜಲದ ಘಾಟೂ ಹೊಗೆಯೂ ಸೇರಿ ಕರುಗಳ ಉಸಿರುನಾಳದ ಒಳಪೊರೆಯನ್ನು ಕೆಡಿಸಲಾಗಿ, ಅದುವರೆಗೆ ಮೂಗು ಗಂಟಲುಗಳಲ್ಲಿ ನಿರುಪದ್ರವವಾಗಿದ್ದ ಪಾಶ್ಚುರೆಲ್ಲಾ, ಮ್ಯಾನ್‌ಹೀಮಿಯಾ ಎಂಬ ಸೂಕ್ಷ್ಮಜೀವಿಗಳು ಶ್ವಾಸಕೋಶಕ್ಕೆ ಇಳಿದು ಉರಿಯೂತವನ್ನುಂಟುಮಾಡುವುವು. ಕರು ಮೇವು ಬಿಟ್ಟು, ಕತ್ತು ನೀಡಿ, ಏದುಸಿರು ಬಿಡುವುದು ಆಗಲೇ.

ಇಂಥ ಕರುವಿಗೆ ಪಶುವೈದ್ಯರು ಚುಚ್ಚುಮದ್ದು ಕೊಟ್ಟ ಮರುದಿನ ಜ್ವರವು ಇಳಿಯುವುದುಂಟು. ರೈತನು ಸಂತೋಷಗೊಂಡು ಮುಂದಿನ ಮದ್ದನ್ನು ನಿಲ್ಲಿಸಿಬಿಡುವನು. ಹತ್ತು ಹದಿನೈದು ದಿನಗಳಲ್ಲಿ ಬೇನೆಯು ಮರುಕಳಿಸಿದರೆ, ಶ್ವಾಸಕೋಶದ ಒಂದು ಭಾಗವು ಗಟ್ಟಿಯಾಗಿ, ಕರುವು ಬದುಕಿದರೂ ಬಡಕಲಾಗಿಯೇ ಉಳಿಯುವ ಸಂಭವವುಂಟು. ಜ್ವರವಿಳಿಸುವ ಮದ್ದು ಮೈಕಾವನ್ನು ತಗ್ಗಿಸುವುದೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. (ಇಂಥ ಮದ್ದುಗಳಲ್ಲೊಂದಾದ ಡೈಕ್ಲೋಫೆನಾಕನ್ನು ರಾಸುಗಳಿಗೆ ಕೊಡುವುದು 2006ರಿಂದ ನಿಷಿದ್ಧ. ಆ ಮದ್ದು ಕೊಟ್ಟ ರಾಸಿನ ಹೆಣವನ್ನು ತಿಂದ ರಣಹದ್ದುಗಳು ಸಾಯುವುವು. ರಾಮದೇವರಬೆಟ್ಟದ ರಣಹದ್ದು ಧಾಮವು ನೆರೆಯಲ್ಲೇ ಇರುವುದರಿಂದ ಈ ಸೀಮೆಯವರು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು.) ಹೀಗಿರಲಾಗಿ ಒಳಗಿನ ಉರಿಯು ಎಷ್ಟಿದೆ, ಆರುತ್ತಿದೆಯೇ ಇಲ್ಲವೇ ಎಂಬುದನ್ನು ಅರಿಯಲು ಜ್ವರಮಾಪಕವೊಂದೇ ಸಾಲದು, ರಕ್ತವನ್ನು ಕೇಳಬೇಕಾಗುವುದು.

ರಕ್ತವು ಹೀಗೆ ಸಾಕ್ಷಿ ಹೇಳುವುದೆಂಬುದು ಮೊದಲು ಸ್ಪಷ್ಟವಾದದ್ದು ಮನುಷ್ಯರ ನ್ಯುಮೋನಿಯಾದಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್, ಫ್ರಾನ್ಸಿಸ್ ಎಂಬಿಬ್ಬರು, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಬೇನೆಯ ಕಾಲದಲ್ಲಿ ಮಾತ್ರ ಕಾಣಿಸಿಕೊಂಡು ಗುಣವಾದಂತೆ ಮಾಯವಾಗುವ ವಸ್ತುವೊಂದನ್ನು ಕಂಡರು. ಈಗ ಆಸ್ಪತ್ರೆಗಳಲ್ಲಿ ‘ಸಿ.ಆರ್.ಪಿ.’ ಎಂದು ಪರೀಕ್ಷಿಸುವುದು ಇದನ್ನೇ. ಆದರೆ ದನಗಳಲ್ಲಿ ಈ ವಸ್ತುವು ಅಷ್ಟಾಗಿ ನಂಬತಕ್ಕದ್ದಲ್ಲ. ಮನುಷ್ಯರ ಅಂಕಿಗಳನ್ನು ರಾಸುಗಳಿಗೆ ಹಚ್ಚುವುದು ತಪ್ಪು. ದನಗಳಲ್ಲಿ ನೋಡತಕ್ಕವು ಬಿಳಿಯ ರಕ್ತಕಣ, ಫೈಬ್ರಿನೋಜನ್, ಹ್ಯಾಪ್ಟೋಗ್ಲೋಬಿನ್ ಎಂಬಿವು.

ಆರೋಗ್ಯವಂತ ದನದ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು 4,000ದಿಂದ 12,000 ಬಿಳಿಯ ಕಣಗಳಿರುವುವು. ಸೋಂಕು ತಗಲಿದರೆ ಇವು ಹೆಚ್ಚುವುವೆಂದು ಎಲ್ಲರೂ ತಿಳಿದಿರುವರು. ದನಗಳಲ್ಲಿ ಬೇನೆಯು ತೀವ್ರವಾದಾಗ ಮೊದಲು ನಡೆಯುವುದು ಇದಕ್ಕೆ ವಿರೋಧವಾದುದು. ಅವುಗಳ ಮೂಳೆಮಜ್ಜೆಯಲ್ಲಿ ಈ ಕಣಗಳ ದಾಸ್ತಾನು ಕಡಮೆ. ಇದ್ದವೆಲ್ಲ ಶ್ವಾಸಕೋಶಕ್ಕೆ ಹೊರಟುಹೋಗಿ, ರಕ್ತದಲ್ಲಿ ಲೆಕ್ಕವು ಕುಸಿಯುವುದು. ಆದ್ದರಿಂದ ಮೊದಲ ದಿನದ ಕಡಮೆ ಅಂಕಿಯನ್ನು ಕಂಡು ಸಮಾಧಾನಪಡಬಾರದು. ಬಲಿಯದ ಎಳೆಯ ಕಣಗಳು ಬಲಿತವುಗಳನ್ನು ಮೀರಿದ್ದರಂತೂ ಕರುವು ಅಪಾಯದಲ್ಲಿದೆಯೆಂದೇ ಅರ್ಥ.

ಫೈಬ್ರಿನೋಜನ್ ಎಂಬುದು ರಕ್ತವನ್ನು ಹೆಪ್ಪುಗಟ್ಟಿಸುವ ಸಸಾರಜನಕ ವಸ್ತು. ದನಗಳಲ್ಲಿ ರಕ್ತದ್ರವದ 100 ಮಿಲಿಲೀಟರಿಗೆ 300ರಿಂದ 700 ಮಿಲಿಗ್ರಾಂ ಇರುವುದು ಸಹಜ. 1,000 ದಾಟಿದರೆ ಉರಿಯೂತವು ಬಲವಾಗಿದೆಯೆಂದು ತಿಳಿಯಬೇಕು. ಇದರ ಪರೀಕ್ಷೆಗೆ ಹೆಚ್ಚು ವೆಚ್ಚವಿಲ್ಲ. ರಕ್ತದ್ರವವನ್ನು 56 ಡಿಗ್ರಿ ಸೆಂಟಿಗ್ರೇಡ್ ಬಿಸಿನೀರಿನಲ್ಲಿ ಮೂರು ನಿಮಿಷ ಇಟ್ಟರೆ ಫೈಬ್ರಿನೋಜನ್ ಗರಣೆಗಟ್ಟುವುದು. ಅದನ್ನು ತಿರುಗುಯಂತ್ರದಲ್ಲಿ ಬೇರ್ಪಡಿಸಿ, ಕಾಯಿಸುವ ಮುಂಚಿನ ಮತ್ತು ಅನಂತರದ ಸಸಾರಜನಕದ ಅಳತೆಗಳನ್ನು ಕಳೆದರೆ ಪ್ರಮಾಣವು ದೊರೆಯುವುದು.

ನೀರು ಕುಡಿಯದೆ ಬತ್ತಿದ ಕರುವಿನಲ್ಲಿ ರಕ್ತವು ಮಂದವಾಗಿ ಎಲ್ಲ ಅಂಕಿಗಳೂ ಏರುವುದರಿಂದ ಇಲ್ಲಿ ಒಂದು ಲೆಕ್ಕವನ್ನು ಮಾಡುವರು. ಎರಡು ಕರುಗಳಲ್ಲಿಯೂ ಒಟ್ಟು ಸಸಾರಜನಕವು 8.5 ಗ್ರಾಂ ಇದೆಯೆಂದಿಟ್ಟುಕೊಳ್ಳಬಹುದು. ಒಂದರಲ್ಲಿ ಫೈಬ್ರಿನೋಜನ್ 1 ಗ್ರಾಂ ಇದ್ದರೆ ಉಳಿದ 7.5ನ್ನು ಅದರಿಂದ ಭಾಗಿಸಲು 7.5 ಬರುವುದು. ಇನ್ನೊಂದರಲ್ಲಿ ಅದು ಅರ್ಧ ಗ್ರಾಂ ಇದ್ದರೆ ಭಾಗಲಬ್ಧವು 16. ಹತ್ತಕ್ಕಿಂತ ಕಡಮೆಯಿದ್ದರೆ ಉರಿಯೂತವೆಂದೂ, ಹದಿನೈದನ್ನು ಮೀರಿದರೆ ಏರಿಕೆಯು ಬರಿಯ ನೀರಿನ ಕೊರತೆಯಿಂದಾದುದೆಂದೂ ಎಣಿಸುವರು. ಎರಡನೆಯ ಕರುವಿಗೆ ಮೊದಲು ಬೇಕಾದದ್ದು ನೀರೂ ಉಪ್ಪೂ.

ಹ್ಯಾಪ್ಟೋಗ್ಲೋಬಿನ್ ಆರೋಗ್ಯವಂತ ದನದ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಮೆ. ಬೇನೆಯು ಹತ್ತಿದ ಒಂದೆರಡು ದಿನಗಳಲ್ಲಿ ಬಹು ಪಾಲು ಏರುವುದು. ಆದರೆ ಇದಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕು. ಮೇಲಾಗಿ ಕೆಚ್ಚಲುಬಾವು, ಗರ್ಭಕೋಶದ ಉರಿಯೂತ, ಮೇವಿನೊಡನೆ ನುಂಗಿದ ತಂತಿ ಇವುಗಳಲ್ಲಿಯೂ ಈ ವಸ್ತುಗಳು ಏರುವುವು. ಉರಿಯೆಷ್ಟೆಂದು ರಕ್ತವು ಹೇಳುವುದು. ಎಲ್ಲಿಯೆಂಬುದನ್ನು ಪಶುವೈದ್ಯರು ಎದೆಗೆ ಕಿವಿಗೊಟ್ಟೇ ತಿಳಿಯಬೇಕು.

ಗಳಲೆ ರೋಗದ ವಿಷಯ ಬೇರೆ. ಅದೂ ಪಾಶ್ಚುರೆಲ್ಲಾದಿಂದಲೇ ಬರುವುದಾದರೂ ಒಂದೆರಡು ದಿನಗಳಲ್ಲಿಯೇ ರಾಸನ್ನು ಕೊಲ್ಲಬಲ್ಲುದು. ಗಂಟಲು ಊದಿ ಗೊರಗೊರ ಶಬ್ದವಾದರೆ ಪರೀಕ್ಷೆಯ ಫಲಕ್ಕಾಗಿ ಕಾಯದೆ ಚಿಕಿತ್ಸೆ ಮಾಡಿಸತಕ್ಕದ್ದು. ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸಿರುವುದು ಇನ್ನೂ ಲೇಸು.

ರಕ್ತವನ್ನು ಕತ್ತಿನ ನರದಿಂದ ಪಶುವೈದ್ಯರೇ ತೆಗೆಯಬೇಕು. ಸಾಧ್ಯವಾದಲ್ಲಿ ಮೊದಲ ಚುಚ್ಚುಮದ್ದಿಗೆ ಮುಂಚೆ ಒಮ್ಮೆ, ಮೂರು ನಾಲ್ಕು ದಿನಗಳ ಮೇಲೆ ಮತ್ತೊಮ್ಮೆ. ಎರಡನೆಯ ಸಲ ಫೈಬ್ರಿನೋಜನ್ ಇಳಿಯದೆ ಇದ್ದರೆ, ಕರುವು ಮೇಯುತ್ತಿದ್ದರೂ ಚಿಕಿತ್ಸೆಯನ್ನು ನಿಲ್ಲಿಸುವ ಮಾತಿಲ್ಲ. ಸೀಸೆಯನ್ನು ಕುಲುಕದೆ ಮೆಲ್ಲಗೆ ಹೊರಳಿಸಿ, ತಂಪಾದ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲಪಿಸತಕ್ಕದ್ದು. ಮಂಜುಗಡ್ಡೆಯು ನೇರವಾಗಿ ತಾಕಿದರೆ ಕಣಗಳು ಒಡೆದು ರಕ್ತವು ಪರೀಕ್ಷೆಗೆ ಬಾರದು. ಸೀಸೆಯ ಜೊತೆಯಲ್ಲಿ ಕರುವಿನ ವಯಸ್ಸು, ಕೆಮ್ಮು ಮೊದಲಾದ ದಿನ, ಬೆಳಿಗ್ಗೆ ಸಂಜೆಯ ಮೈಕಾವು, ಕೊಟ್ಟ ಮದ್ದು ಇವುಗಳನ್ನು ಬರೆದ ಚೀಟಿಯೂ ಹೋಗಬೇಕು.